ಕೆಮ್ಮುವ ಬೈಕು, ವಾರಂಟಿಯ ಜಗಳ

ಕನ್ನಡ ಎಂ.ಎ. ಓದಿದ ಆಂಟಿಗೆ ಬೈಕಿನ ಉಸಾಬರಿ ಯಾಕೆ ಅಂತ ನಗಬೇಡಿ. ಕಳೆದ ಬೇಸಿಗೆಯಲ್ಲಿ ಮಗನ ಬೈಕು ಗ್ಯಾರೇಜಿನಲ್ಲಿ ಕೆಮ್ಮಿ ಕೆಮ್ಮಿ ನಿಂತಾಗ ಕಲಿತದ್ದಿದು.

ಹೊಸ ಸೈಲೆನ್ಸರ್ ಜೊತೆಗೆ ಫ್ಯೂಯೆಲ್ ಟ್ಯೂನರನ್ನೂ ಅವನೇ ಕೂರಿಸಿದ್ದ. ಬೈಕಿನ ಕಂಪ್ಯೂಟರಿಗೂ ಇಂಜೆಕ್ಟರಿಗೂ ನಡುವೆ ಕೂರುವ ಡಬ್ಬಿ ಅದು. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂಬುದನ್ನು ತಿದ್ದುತ್ತದೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಈ ಲೆಕ್ಕ ತೀರಾ ತಪ್ಪಿದರೆ ಎಂಜಿನ್ ತಡವರಿಸುತ್ತದೆ.

ಮೊದಲು ಟ್ಯೂನರ್ ಬಿಚ್ಚಿ, ಬೈಕಿನ ಮೂಲ ಕನೆಕ್ಟರುಗಳನ್ನೇ ಜೋಡಿಸಿ ಓಡಿಸಿ. ಆಗಲೂ ಕೆಮ್ಮಿದರೆ ತಪ್ಪು ಬೇರೆಲ್ಲೋ ಇದೆ. ನಮ್ಮದು ಸರಿಯಾಗಿ ಓಡಿತು. ಮತ್ತೆ ಹಾಕಿ ನೋಡಿದರೆ, ಗ್ರೌಂಡ್ ವೈರನ್ನು ಬಣ್ಣ ಬಳಿದ ಬೋಲ್ಟಿಗೆ ಬಿಗಿದಿದ್ದ! ಬ್ಯಾಟರಿಯ ನೆಗೆಟಿವ್‌ಗೆ ಬದಲಿಸಿದೆವು, ಕನೆಕ್ಟರಿನ ಪಿನ್ ಬಾಗಿಲ್ಲವೆಂದು ನೋಡಿದೆವು, ಮ್ಯಾಪ್ ಮತ್ತೆ ಲೋಡ್ ಮಾಡಿದೆವು. ಆದರೂ ಬಿಸಿಯಾದ ಮೇಲೆ ಡಬ್ಬಿ ಸಾಯುತ್ತಿತ್ತು.

ಅಷ್ಟರಲ್ಲಿ ಡೀಲರ್, "ಬೈಕಿನ ವಾರಂಟಿಯೇ ಹೋಯಿತು" ಎಂದು ಹೆದರಿಸಿದ. ಮಗ ಮುಖ ಸಣ್ಣದು ಮಾಡಿಕೊಂಡ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆ ಇದೆ: ಬೇರೆಯವರ ಬಿಡಿಭಾಗ ಹಾಕಿದ ಮಾತ್ರಕ್ಕೆ ವಾರಂಟಿ ನಿರಾಕರಿಸುವಂತಿಲ್ಲ, ಕೆಟ್ಟದ್ದು ಅದರಿಂದಲೇ ಎಂದು ಅವರು ತೋರಿಸಬೇಕು. ಅದರಿಂದಲೇ ಕೆಟ್ಟಿದ್ದರೆ ಮಾತ್ರ ಆ ರಿಪೇರಿ ನಮ್ಮ ತಲೆಗೆ.

ಟ್ಯೂನರ್ ಕಂಪನಿಯವರು ಫೋನಿನಲ್ಲಿ "ಜೋಡಿಸಿದ್ದೇ ತಪ್ಪು" ಎಂದರು. ಫೋನ್ ಬಿಟ್ಟು ಈಮೇಲ್ ಬರೆಸಿದೆ: ಬಿಲ್ಲು, ಸೀರಿಯಲ್ ನಂಬರ್, ಫೋಟೋ, ಯಾವ ಪರೀಕ್ಷೆಗೆ ಏನಾಯಿತು ಎಂಬ ವಿವರ. ಬಿಲ್ಲು ಹುಡುಕಲೇ ಎರಡು ದಿನ ಬೇಕಾಯಿತು, ಆ ಮಾತು ಬೇರೆ. ಮೂರು ವಾರಕ್ಕೆ ಹೊಸ ಡಬ್ಬಿ ಬಂತು. ಹಳೆಯದನ್ನು ಕಳಿಸಿದ ಖರ್ಚು ಮಾತ್ರ ನಮ್ಮದೇ.