ಚಳಿಗಾಲದಲ್ಲಿ ಕಾರ್ ಶೆಡ್, ಅಂಗಡಿ ನೆಲ ಬಿರುಕು ಬಿಡೋದು ಯಾಕೆ? ಎರೆ ಮಣ್ಣಿನ ಊರವರು ತಿಳಿಯಬೇಕಾದ ಸಂಗತಿ

ಮಳೆಗಾಲದಲ್ಲಿ ಚೆನ್ನಾಗಿಯೇ ಇದ್ದ ಕಾಂಕ್ರೀಟ್ ನೆಲ ಡಿಸೆಂಬರ್–ಜನವರಿ ಹೊತ್ತಿಗೆ ಬಿರುಕು ಬಿಡುತ್ತದೆ. ಗೋಡೆ ಮತ್ತು ನೆಲದ ನಡುವೆ ಸಂದು ಬೀಳುತ್ತದೆ. ಕೆಲವು ಅಂಗಡಿಗಳಲ್ಲಿ ಶಟರ್ ಸರಿಯಾಗಿ ಕೂರುವುದೇ ಇಲ್ಲ. ವಿಜಯಪುರ, ಕಲಬುರಗಿ, ರಾಯಚೂರು, ಗದಗ ಜಿಲ್ಲೆಗಳ ಎರೆ ಭೂಮಿಯಲ್ಲಿ ಇದು ಹೊಸದಲ್ಲ. 'ಸಿಮೆಂಟ್ ಕಡಿಮೆ ಹಾಕ್ಯಾನ' ಎಂದು ಗೌಂಡಿಯನ್ನು ಬೈಯುವ ಮೊದಲು ನೆಲದ ಕೆಳಗಿನ ಮಣ್ಣನ್ನು ನೋಡಬೇಕು.

ಮಣ್ಣಿನ ಆಟ

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಿಂಗಾರು ಮಳೆ ನಿಂತ ಮೇಲೆ ಹೊಲ ಬಾಯಿ ಬಿಡುವುದು ಇದೇ ಕಾರಣಕ್ಕೆ. ಶೆಡ್ಡಿನ ಅಂಚಿನ ಮಣ್ಣು ಮೊದಲು ಒಣಗಿ ಇಳಿಯುತ್ತದೆ, ನಡುವಿನದು ಹಸಿಯಾಗಿಯೇ ಇರುತ್ತದೆ. ಆಸರೆ ತಪ್ಪಿದ ಅಂಚು ಗಾಡಿಯ ಭಾರಕ್ಕೆ ಒಡೆಯುತ್ತದೆ.

ಯೂಟ್ಯೂಬಿನಲ್ಲಿ ಕಾಣುವ ಅಮೆರಿಕ, ಕೆನಡಾದ ಗ್ಯಾರೇಜ್ ಸಮಸ್ಯೆ ಬೇರೆ. ಅಲ್ಲಿ ಕಾಂಕ್ರೀಟಿನೊಳಗಿನ ನೀರು ಮಂಜುಗಡ್ಡೆಯಾಗಿ ಸುಮಾರು ಶೇ 9ರಷ್ಟು ಹಿಗ್ಗಿ ಮೇಲ್ಪದರ ಕಿತ್ತು ಬರುತ್ತದೆ. ನಮ್ಮಲ್ಲಿ ಹಿಮವಿಲ್ಲ, ಹಾಗಾಗಿ ಆ ಮದ್ದು ಇಲ್ಲಿ ನಡೆಯದು.

ಗುರುತಿಸೋದು ಹೇಗೆ?

* ಬಲೆಯಂಥ ಕೂದಲೆಳೆ ಬಿರುಕು: ಸರಿಯಾಗಿ ನೀರುಣಿಸದೆ ಮೇಲ್ಮೈ ಬೇಗ ಒಣಗಿದೆ. ಸಾಮಾನ್ಯವಾಗಿ ಅಪಾಯವಿಲ್ಲ.
* ಗುಡಿಸಿದಷ್ಟೂ ಪುಡಿ ಬರುವುದು: ಕಲಸುವಾಗ ನೀರು ಹೆಚ್ಚಾಗಿದೆ ಅಥವಾ ನೀರುಣಿಸಿದ್ದು ಸಾಲದು.
* ಒಂದು ಬದಿ ತಗ್ಗಿ, ಚಳಿ–ಬೇಸಿಗೆಯಲ್ಲಿ ಅಗಲವಾಗಿ, ಮಳೆಗಾಲದಲ್ಲಿ ಕಿರಿದಾಗುವ ಬಿರುಕು: ಇದು ಮಣ್ಣಿನದೇ ಕೆಲಸ.

ಅನುಮಾನವಿದ್ದರೆ ಬಿರುಕಿನ ಎರಡೂ ತುದಿಗೆ ಗೆರೆ ಎಳೆದು, ಅಗಲ ಅಳೆದು, ತಾರೀಖು ಬರೆದಿಡಿ. ಮೂರು ತಿಂಗಳಿಗೊಮ್ಮೆ ನೋಡಿ.

ಈಗ ಏನು ಮಾಡಬೇಕು?

ಬಿರುಕು ಹಿಗ್ಗುತ್ತಾ ಕುಗ್ಗುತ್ತಾ ಇದ್ದರೆ ಸಿಮೆಂಟ್ ತುಂಬಬೇಡಿ. ಮಳೆಗೆ ಮಣ್ಣು ಉಬ್ಬಿದಾಗ ಅದು ಮತ್ತೆ ಒಡೆಯುತ್ತದೆ. ರಬ್ಬರಿನಂತೆ ಬಾಗುವ ಪಾಲಿಯುರೆಥೇನ್ ಸೀಲಂಟ್ ತುಂಬಿಸಿ. ಬಿರುಕಿನ ಚಲನೆ ನಿಲ್ಲುವ ಮುಂಚೆ ಮೇಲೆ ಟೈಲ್ಸ್ ಹಾಕಿಸಿದರೆ ದುಡ್ಡು ದಂಡ. ಛಾವಣಿ ನೀರು, ಬಚ್ಚಲ ನೀರು ಅಂಚಿಗೆ ಬೀಳದಂತೆ ಹೊರಗೆ ಹರಿಸಿ. ಗೋಡೆಯಲ್ಲೂ ಓರೆ ಬಿರುಕು ಕಂಡರೆ ಎಂಜಿನಿಯರ್‌ಗೆ ತೋರಿಸಿ.

ಹೊಸ ನೆಲ ಹಾಕಿಸುವವರಿಗೆ

ಎರೆ ಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟ್ ಸುರಿಯಬೇಡಿ. ಎಂಜಿನಿಯರ್ ಹೇಳಿದಷ್ಟು ಆಳ ತೆಗೆಸಿ, ಗರಸು ತುಂಬಿ, ಅರ್ಧ ಅಡಿಗೊಂದು ಪದರದಂತೆ ನೀರು ಹಾಕಿ ದಮ್ಮಸು ಮಾಡಿಸಿ. 4 ಇಂಚಿನ ನೆಲಕ್ಕೆ 8ರಿಂದ 10 ಅಡಿಗೊಂದರಂತೆ, 1 ಇಂಚು ಆಳದ ಜಾಯಿಂಟ್ ಕೊಯ್ಯಿಸಿ. ಆಗ ಒಣಗಿ ಕುಗ್ಗುವ ಕಾಂಕ್ರೀಟ್ ಆ ಗೆರೆಯಲ್ಲೇ ಬಿರಿಯುತ್ತದೆ.

'ತಂಪೈತಿ, ನೀರು ಯಾಕೆ?' ಎಂಬ ಮಾತಿಗೆ ಕಿವಿಗೊಡಬೇಡಿ. ಚಳಿಗಾಲದ ಒಣಗಾಳಿ ತೇವ ಎಳೆಯುತ್ತದೆ, ಕಾಂಕ್ರೀಟ್ ಬಲಿಯುವುದೂ ನಿಧಾನ. ಐಎಸ್ 456 ಪ್ರಕಾರ ಒಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ 10 ದಿನ ನೀರುಣಿಸಬೇಕು. ಚೀಲದ ಮೇಲೆ ಯಾವುದೆಂದು ಬರೆದಿರುತ್ತದೆ. ಒದ್ದೆ ಗೋಣಿಚೀಲ ಹಾಸಿದರೆ ನೀರೂ ಉಳಿಯುತ್ತದೆ, ನೆಲವೂ ಉಳಿಯುತ್ತದೆ.