ಮನೆಯ ಸಮೀಪದ ಜಲಪಾತಗಳು: ನೋಡುವ ಬಗೆ, ಚಿತ್ರ ತೆಗೆಯುವ ಬಗೆ

ಮುಂಗಾರು ಮುಂಬಯಿಯನ್ನು ತಲುಪಿ ಹತ್ತು ಹದಿನೈದು ದಿನಗಳಾಗುವಷ್ಟರಲ್ಲಿ ಬೋರಿವಲಿ, ಖಾರ್‌ಘರ್, ಕರ್ಜತ್ ಸುತ್ತಣ ಬೆಟ್ಟಗಳ ಮೈಮೇಲೆ ಬಿಳಿಯ ಗೆರೆಗಳು ಮೂಡತೊಡಗುತ್ತವೆ. ನಮ್ಮ ಮಲೆನಾಡಿನವರು ಅಬ್ಬಿ ಎಂದೂ ಕರಾವಳಿಯವರು ಅರ್ಬಿ ಎಂದೂ ಕರೆಯುವ ಈ ಝರಿಗಳಿಗೆ ಮರಾಠಿಯಲ್ಲಿ ಧಬಧಬಾ ಎಂದು ಹೆಸರು. ಬೀಳುವ ನೀರಿನ ಸದ್ದೇ ಪದವಾದಂತಿದೆ! ಲೋಕಲ್ ರೈಲಿನಲ್ಲಿ ಹೋಗಿ ಸಂಜೆಯೊಳಗೆ ಮನೆ ಸೇರಬಹುದಾದಷ್ಟು ಸಮೀಪದಲ್ಲಿ ಇವು ಇರುವುದು ನಮ್ಮಂಥ ನಗರವಾಸಿಗಳ ಭಾಗ್ಯವೇ ಸರಿ. ಆದರೆ ಜೋಗವನ್ನು ನೋಡಿ ಬೆಳೆದ ನಾವು ಇವುಗಳ ಸ್ವಭಾವ ಬೇರೆಯೆಂಬುದನ್ನು ಅರಿತು ಹೋಗುವುದು ಅವಶ್ಯ.

ಜೋಗದಲ್ಲಿ 253 ಮೀಟರ್ ಎತ್ತರದಿಂದ ಧುಮುಕುವುದು ಶರಾವತಿಯೆಂಬ ನದಿ. ಅದರ ನೀರನ್ನು ಮೇಲಿನ ಲಿಂಗನಮಕ್ಕಿ ಅಣೆಕಟ್ಟು ಹಿಡಿದು ಬಿಡುತ್ತದೆ. ನಾವು ಕಣಿವೆಯ ಈಚೆಗೆ ಕಟಕಟೆಯ ಹಿಂದೆ ನಿಂತು ನೋಡುತ್ತೇವೆ. ಮುಂಬಯಿ ಸುತ್ತಲಿನ ಜಲಪಾತಗಳಲ್ಲಿ ಹೆಚ್ಚಿನವುಗಳ ಹಿಂದೆ ನದಿಯೂ ಇಲ್ಲ, ಅಣೆಕಟ್ಟೂ ಇಲ್ಲ; ಇರುವುದು ಮೇಲಿನ ಬೋಳು ಬಂಡೆಯ ಹರವು ಮಾತ್ರ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರಪದರವಾಗಿ ಹೆಪ್ಪುಗಟ್ಟಿ ಆದ ಕಪ್ಪುಕಲ್ಲು ಇದು. ಪದರಗಳಲ್ಲಿ ಗಟ್ಟಿಯಾದದ್ದು ಉಳಿದು ಮೆತ್ತನೆಯದು ಸವೆದು ಬೆಟ್ಟಗಳು ಮೆಟ್ಟಿಲುಮೆಟ್ಟಿಲಾಗಿವೆ. ಭೂವಿಜ್ಞಾನಿಗಳು ಇದನ್ನು ‘ಡೆಕ್ಕನ್ ಟ್ರ್ಯಾಪ್’ ಎನ್ನುತ್ತಾರೆ. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ ಬಂದದ್ದು. ಇಂತಹ ಬಂಡೆಯ ಮೇಲೆ ಮಣ್ಣು ತೆಳು, ಇಳಿಜಾರು ಕಡಿದು. ಸುರಿದ ಮಳೆ ಇಂಗದೆ ನೇರವಾಗಿ ಹಳ್ಳ ಸೇರುತ್ತದೆ. ಆದ್ದರಿಂದಲೇ ಮೇಲೊಂದು ಜೋರು ಮಳೆ ಬಿದ್ದರೆ ಪಾದ ಮುಳುಗುವಷ್ಟಿದ್ದ ನೀರು ಕೆಲವೇ ನಿಮಿಷಗಳಲ್ಲಿ ಸೊಂಟಕ್ಕೇರಬಲ್ಲದು. ಕೆಳಗೆ ನಿಂತವರ ತಲೆಯ ಮೇಲೆ ಹನಿಯೂ ಬಿದ್ದಿರಬೇಕಾಗಿಲ್ಲ.

2019ರ ಆಗಸ್ಟ್‌ನಲ್ಲಿ ಖಾರ್‌ಘರ್‌ನ ಪಾಂಡವಕಡಾ ಬಳಿ ನಾಲ್ವರು ಕಾಲೇಜು ವಿದ್ಯಾರ್ಥಿನಿಯರು ಕೊಚ್ಚಿಹೋದರು. 2024ರ ಜೂನ್ 30ರಂದು ಲೋನಾವಳದ ಭುಶಿ ಅಣೆಕಟ್ಟಿನ ಹಿಂಬದಿಯ ಝರಿಯಲ್ಲಿ ಒಂದೇ ಕುಟುಂಬದ ಐವರು ಪ್ರಾಣ ಕಳೆದುಕೊಂಡರು. ಅವರಲ್ಲಿ ನಾಲ್ವರು ಮಕ್ಕಳು. ಪ್ರವಾಹದ ನಡುವಿನ ಬಂಡೆಯ ಮೇಲೆ ಪರಸ್ಪರ ಅಪ್ಪಿ ನಿಂತಿದ್ದ ಆ ಕುಟುಂಬದ ದೃಶ್ಯವನ್ನು ಅನೇಕರು ದೂರದರ್ಶನದಲ್ಲಿ ನೋಡಿರಬಹುದು. ಅವರು ಸಾಹಸಕ್ಕೆ ಹೊರಟವರಲ್ಲ, ಭಾನುವಾರ ಮಕ್ಕಳೊಡನೆ ಹೊರಟವರು, ನಮ್ಮಂತೆಯೇ.

ಹಾಗಾದರೆ ಹೋಗಲೇಬಾರದೆ? ಹೋಗಬೇಕು, ನೀರಿಗಿಳಿಯದೆ ನೋಡಬೇಕು. ಹಳ್ಳವನ್ನು ದಾಟಿಯೇ ತಲುಪಬೇಕಾದ ಜಲಪಾತಕ್ಕೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕುಟುಂಬಸಮೇತ ಹೋಗದಿರುವುದೇ ಒಳಿತು. ಹೋಗುವಾಗ ದಾಟಿದ ಹಳ್ಳ ಬರುವಾಗ ದಾಟಲು ಬಿಡದಿರಬಹುದು. ತಿಳಿಯಾಗಿದ್ದ ನೀರು ಹಠಾತ್ತನೆ ಕೆಂಪಾದರೆ, ತರಗೆಲೆ ಕಡ್ಡಿಗಳು ತೇಲಿಬಂದರೆ, ಸದ್ದು ಬದಲಾದರೆ ಬುತ್ತಿಯ ಗಂಟನ್ನೂ ಬಿಟ್ಟು ಮೇಲಕ್ಕೆ ಸರಿಯಬೇಕು. ಮಳೆಗಾಲದಲ್ಲಿ ಜಿಲ್ಲಾಡಳಿತಗಳು ಹಲವು ಜಲಪಾತಗಳಿಗೆ ಪ್ರವೇಶ ನಿಷೇಧಿಸುವುದುಂಟು. ಹೊರಡುವ ಮುನ್ನ ವಿಚಾರಿಸುವುದು ಲೇಸು.

ಹಿರಿಯರೂ ಮಕ್ಕಳೂ ಜೊತೆಗಿದ್ದರೆ ನಾವು ಮೊದಲು ಸೂಚಿಸುವುದು ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಯನ್ನು. ಸೋಮವಾರ ರಜೆ. ಮಳೆಯ ದಿನಗಳಲ್ಲಿ ಗುಹೆಗಳ ನಡುವಣ ಹಳ್ಳ ತುಂಬಿ ಹರಿಯುತ್ತದೆ, ಬಂಡೆಗಳಿಂದ ಸಣ್ಣ ಸಣ್ಣ ಧಾರೆಗಳು ಇಳಿಯುತ್ತವೆ. ಇದೇ ಮಳೆನೀರನ್ನು ಬೌದ್ಧ ಭಿಕ್ಷುಗಳು ಕಲ್ಲಿನಲ್ಲಿ ಕಾಲುವೆ ಕೊರೆದು ತೊಟ್ಟಿಗಳಿಗೆ ಹರಿಸಿಕೊಂಡಿದ್ದರು. ಆ ತೊಟ್ಟಿಗಳು ಇಂದಿಗೂ ಇವೆ, ಮಕ್ಕಳಿಗೆ ತೋರಿಸಬೇಕಾದದ್ದು. ನಡೆಯಲಾಗದವರಿಗೆ ಕರ್ಜತ್‌ನಿಂದ ಖಂಡಾಲದವರೆಗಿನ ರೈಲುಹಾದಿಯೇ ಸಾಕು. ಊರಿಗೆ ಹೋಗಲು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವವರು ಹಗಲು ಹೊತ್ತಿನಲ್ಲೇ ಈ ಘಾಟಿಯನ್ನು ಏರುತ್ತಾರೆ. ಆದರೆ ಮೊಬೈಲು ಹಿಡಿದು ಬಾಗಿಲಲ್ಲಿ ನಿಲ್ಲುವುದು ಬೇಡ.

ಇನ್ನು ಛಾಯಾಚಿತ್ರ. ಸಮೀಪಕ್ಕೆ ಹೋದಷ್ಟೂ ಚಿತ್ರ ಚೆನ್ನಾಗಿ ಬರುವುದೆಂಬುದು ತಪ್ಪು ಕಲ್ಪನೆ. ಜಲಪಾತದ ಬುಡದಲ್ಲಿ ನಿಂತರೆ ಮಸೂರದ ಮೇಲೆ ತುಂತುರು ಕೂರುತ್ತದೆ, ಎತ್ತರ ಕುಗ್ಗಿ ಕಾಣುತ್ತದೆ, ಬಂಡೆಯ ಮೆಟ್ಟಿಲುಗಳು ಮರೆಯಾಗುತ್ತವೆ. ದೂರದಲ್ಲಿ, ಸ್ವಲ್ಪ ಓರೆಯಾಗಿ ನಿಂತರೆ ಇಡೀ ರೂಪ ದೊರಕುತ್ತದೆ. ಕರಿಯ ಬಂಡೆಯ ಮುಂದಿನ ಬಿಳಿ ನೀರು ಕ್ಯಾಮೆರಾದ ಬೆಳಕಿನ ಲೆಕ್ಕವನ್ನು ತಪ್ಪಿಸುತ್ತದೆ. ಮೊಬೈಲಿನಲ್ಲಾದರೆ ಪರದೆಯ ಮೇಲೆ ನೀರಿರುವಲ್ಲಿ ಬೆರಳೊತ್ತಿ ಬೆಳಕನ್ನು ತುಸು ಇಳಿಸಿ. ಇಲ್ಲವಾದರೆ ನೀರು ಸುಣ್ಣ ಬಳಿದಂತೆ ಕಾಣುತ್ತದೆ. ಮೋಡದ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ಸೆಕೆಂಡಿನ 500ನೆಯ ಒಂದು ಭಾಗದಷ್ಟು ವೇಗದಲ್ಲಿ ತೆಗೆದರೆ ಹನಿಹನಿಯೂ ನಿಲ್ಲುತ್ತದೆ. ಮುಕ್ಕಾಲಿಯ ಮೇಲಿಟ್ಟು ಅರ್ಧ ಸೆಕೆಂಡು ತೆರೆದಿಟ್ಟರೆ ನೀರು ರೇಷ್ಮೆಯಾಗುತ್ತದೆ. ಈ ರೇಷ್ಮೆಯ ಹುಚ್ಚು ಈಗ ಅತಿಯಾಗಿದೆ ಎಂಬುದು ನಮ್ಮ ಅಭಿಪ್ರಾಯ. ಎಲ್ಲ ಜಲಪಾತಗಳೂ ಒಂದೇ ಹಾಲಿನ ಧಾರೆಯಂತೆ ಕಂಡರೆ ಯಾವುದು ಭಿವಪುರಿ, ಯಾವುದು ಚಿಂಚೋಟಿ? ಎಂಟನೆಯ ಒಂದು ಭಾಗದ ಸುಮಾರಿನಲ್ಲಿ ಚಲನೆಯೂ ಉಳಿಯುತ್ತದೆ, ಧಾರೆಯ ಎಳೆಗಳೂ ಉಳಿಯುತ್ತವೆ. ಮಸೂರ ಒರೆಸಲು ಹಳೆಯ ಹತ್ತಿಬಟ್ಟೆಯ ತುಂಡು, ಮೇಲೊಂದು ಕೊಡೆ ಇದ್ದರೆ ಸಾಕು.

ನಮ್ಮ ಮೆಚ್ಚಿನ ಕಾಲ ಗಣೇಶ ಚತುರ್ಥಿಯ ಆಸುಪಾಸು. ಮಳೆ ಇಳಿಮುಖವಾಗಿ ನೀರು ತಿಳಿಯಾಗಿರುತ್ತದೆ, ಇಳಿಜಾರುಗಳಲ್ಲಿ ಹಳದಿಯ ಸೋನ್ಕಿ ಹೂಗಳು ಅರಳತೊಡಗುತ್ತವೆ, ನಡುನಡುವೆ ಬಿಸಿಲೂ ಬರುತ್ತದೆ. ಸಹ್ಯಾದ್ರಿಯ ಪಶ್ಚಿಮದ ಕಡೆಗೆ ಮುಖಮಾಡಿದ ಧಾರೆಗಳಿಗೆ ಮಧ್ಯಾಹ್ನದ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ಆ ಹೊತ್ತಿಗೆ ಸೂರ್ಯನಿಗೆ ಬೆನ್ನುಮಾಡಿ ದೂರದಲ್ಲಿ ನಿಂತವರಿಗೆ ತುಂತುರಿನಲ್ಲಿ ಕಾಮನಬಿಲ್ಲಿನ ತುಣುಕೊಂದು ಕಾಣಿಸುವುದುಂಟು.