‘ರಾಮರಾಜ್ಯ ಬಂದರೂ ರಾಗಿ ಬೀಸೋದು ತಪ್ಪಲ್ಲ’ ಅನ್ನುವವರು ನಿಜಕ್ಕೂ ಬುದ್ಧಿವಂತರೇ?

ಹೊಸ ಮುಖ್ಯಮಂತ್ರಿ ಪ್ರಮಾಣವಚನ ಸ್ವೀಕರಿಸುವ ದಿನ ಯಾವ ಊರಿನ ಹೋಟೆಲ್ಲಿನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: “ಯಾರು ಬಂದ್ರೂ ಅಷ್ಟೇ ಬಿಡಿ ಸಾರ್. ರಾಮರಾಜ್ಯ ಬಂದ್ರೂ ರಾಗಿ ಬೀಸೋದು ತಪ್ಪಲ್ಲ.” ಅಕ್ಕಪಕ್ಕದ ಟೇಬಲ್ಲಿನವರು ತಲೆಯಾಡಿಸುತ್ತಾರೆ. ಅಲ್ಲೇ ಇರುವ ಕಾಲೇಜು ಹುಡುಗನೊಬ್ಬ “ಈ ಸಲ ಏನಾದ್ರೂ ಒಳ್ಳೇದಾಗಬಹುದೇನೋ” ಅಂದರೆ, “ನಿನಗಿನ್ನೂ ಚಿಕ್ಕ ವಯಸ್ಸು ಬಿಡಪ್ಪಾ” ಎಂಬ ಉತ್ತರ ಬರುತ್ತದೆ. ಮಾತು ಅಲ್ಲಿಗೆ ಮುಗಿಯುತ್ತದೆ. ಹುಡುಗ ದಡ್ಡನಾಗುತ್ತಾನೆ, ಹಿರಿಯರು ಲೋಕ ಕಂಡವರಾಗುತ್ತಾರೆ.

ಯಾರನ್ನೂ ನಂಬದವನೇ ಜಾಣ, ಭರವಸೆ ಇಟ್ಟವನು ಪೆದ್ದ ಎಂಬ ಈ ಗ್ರಹಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ ಅದನ್ನು ಪರೀಕ್ಷಿಸಿ ನೋಡಬೇಕು ಅಂತಲೂ ನಮಗೆ ಅನ್ನಿಸುವುದಿಲ್ಲ. ಆದರೆ ಮನೋವಿಜ್ಞಾನಿಗಳು ಪರೀಕ್ಷಿಸಿದ್ದಾರೆ.

1983ರಲ್ಲಿ ಅಮೆರಿಕದ ಮನೋವಿಜ್ಞಾನಿ ತೆರೇಸಾ ಅಮಾಬಿಲೆ ಒಂದು ಸರಳ ಪ್ರಯೋಗ ಮಾಡಿದರು. ಪತ್ರಿಕೆಯಲ್ಲಿ ಬಂದಿದ್ದ ಪುಸ್ತಕ ವಿಮರ್ಶೆಗಳನ್ನು ತೆಗೆದುಕೊಂಡು, ಕೆಲವು ಪದಗಳನ್ನಷ್ಟೇ ಬದಲಿಸಿ, ಹೊಗಳುವ ಮತ್ತು ತೆಗಳುವ ಎರಡು ರೂಪಗಳನ್ನು ತಯಾರಿಸಿದರು. ಓದಿದವರು ತೆಗಳಿದ ವಿಮರ್ಶಕರನ್ನೇ ಹೆಚ್ಚು ಬುದ್ಧಿವಂತರು ಎಂದರು. ಅದೇ ವಿಮರ್ಶಕ ಒಳ್ಳೆಯ ಮನುಷ್ಯನಂತೆ ಮಾತ್ರ ಅವರಿಗೆ ಕಾಣಲಿಲ್ಲ. ವಿಷಯ ಅದೇ ಇದ್ದರೂ ಕಹಿಯಾಗಿ ಹೇಳಿದವನಿಗೆ ಹೆಚ್ಚು ಅಂಕ ಬಿತ್ತು.

ಅಂದರೆ ಸಿನಿಕತನ ಬುದ್ಧಿವಂತಿಕೆಯ ಹಾಗೆ ಕಾಣಿಸುತ್ತದೆ. ನಿಜವಾಗಿಯೂ ಅದು ಬುದ್ಧಿವಂತಿಕೆಯೇ? ಓಲ್ಗಾ ಸ್ಟಾವ್ರೊವಾ ಮತ್ತು ಡೇನಿಯಲ್ ಏಲೆಬ್ರಾಖ್ಟ್ ಎಂಬ ಇಬ್ಬರು ಸಂಶೋಧಕರು 30 ದೇಶಗಳ ಸುಮಾರು 2 ಲಕ್ಷ ಜನರ ಮಾಹಿತಿಯನ್ನು ಇಟ್ಟುಕೊಂಡು ಇದನ್ನು ನೋಡಿದರು. ಸಿನಿಕರು ಹೆಚ್ಚು ಜಾಣರು ಎಂದು ಜನ ನಂಬುತ್ತಾರೆ. ಆದರೆ ಬುದ್ಧಿಶಕ್ತಿಯ ಮತ್ತು ಕಲಿಕೆಯ ಪರೀಕ್ಷೆಗಳಲ್ಲಿ ಸಿನಿಕರ ಅಂಕಗಳು ಒಟ್ಟಾರೆಯಾಗಿ ಕಡಿಮೆಯೇ ಇದ್ದವು.

ಆ ಅಧ್ಯಯನದಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ಅಂಕ ಹೆಚ್ಚು ಪಡೆದವರು ಯಾವಾಗಲೂ ಎಲ್ಲರನ್ನೂ ನಂಬುವವರೇನೂ ಆಗಿರಲಿಲ್ಲ. ಭ್ರಷ್ಟಾಚಾರ ಹೆಚ್ಚಿರುವ, ಕಾನೂನು ಸಡಿಲವಾಗಿರುವ ಕಡೆ ಅವರೂ ಅನುಮಾನ ಪಡುತ್ತಿದ್ದರು. ಪರಿಸ್ಥಿತಿ ನೋಡಿಕೊಂಡು ನಂಬಿಕೆಯನ್ನು ಏರಿಸುವುದು, ಇಳಿಸುವುದು ಅವರ ಕ್ರಮ. ಅಂಕ ಕಡಿಮೆ ಇದ್ದವರು ಸುತ್ತಮುತ್ತ ಏನಿದೆ ಎಂದು ನೋಡದೆ ಎಲ್ಲ ಕಡೆಯೂ ಒಂದೇ ಸಮನೆ ಸಿನಿಕರಾಗಿದ್ದರು. (ಇದು ಸರಾಸರಿಯ ಮಾತು. ನಿಮ್ಮ ಸೋದರಮಾವ ಸಿನಿಕರಾಗಿದ್ದರೆ ಈ ಲೇಖನ ತೋರಿಸಿ ಅವರ ಹತ್ತಿರ ಜಗಳಕ್ಕೆ ಹೋಗಬೇಡಿ.)

ಅನುಮಾನ ಬೇರೆ, ಸಿನಿಕತನ ಬೇರೆ

ಅನುಮಾನ ಇರುವವನು “ಪುರಾವೆ ತೋರಿಸಿ” ಅನ್ನುತ್ತಾನೆ. ಸಿನಿಕನಿಗೆ ಪುರಾವೆ ಬೇಕಿಲ್ಲ, ಅವನ ತೀರ್ಪು ಮೊದಲೇ ಸಿದ್ಧವಾಗಿದೆ. ಹೊಸ ನಾಯಕ ಒಂದು ಯೋಜನೆ ಜಾರಿ ಮಾಡದಿದ್ದರೆ “ಹೇಳಲಿಲ್ವಾ?” ಅನ್ನುತ್ತಾನೆ; ಜಾರಿ ಮಾಡಿದರೆ “ಮುಂದಿನ ಚುನಾವಣೆಗೆ” ಅನ್ನುತ್ತಾನೆ. ಏನೇ ಆದರೂ ತಪ್ಪೆಂದು ಸಾಬೀತಾಗದ ಭವಿಷ್ಯ ಅದು. ಆ ದೃಷ್ಟಿಯಿಂದ ನೋಡಿದರೆ ಸಿನಿಕ ಮತ್ತು ಅಂಧಾಭಿಮಾನಿ ಒಂದೇ ಬಳ್ಳಿಯ ಕಾಯಿಗಳು. ಇಬ್ಬರೂ ನೋಡುವುದನ್ನು ನಿಲ್ಲಿಸಿದ್ದಾರೆ.

ಸರಿ, ನೋಡಿದರೆ ಏನು ಕಾಣುತ್ತದೆ?

ಚುನಾವಣಾ ಭರವಸೆಗಳು ಎಷ್ಟು ಈಡೇರುತ್ತವೆ ಎಂಬುದನ್ನು ಎಣಿಸುವುದೇ ಕೆಲಸವಾಗಿರುವ ರಾಜಕೀಯ ವಿಜ್ಞಾನಿಗಳಿದ್ದಾರೆ. ಪ್ರಣಾಳಿಕೆ ಹಿಡಿದು ಒಂದೊಂದೇ ಭರವಸೆಗೆ ಟಿಕ್ ಹಾಕುತ್ತಾ ಹೋಗುತ್ತಾರೆ. 2017ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನ 12 ದೇಶಗಳ 57 ಚುನಾವಣೆಗಳಿಂದ 20 ಸಾವಿರಕ್ಕೂ ಹೆಚ್ಚು ಭರವಸೆಗಳನ್ನು ಪರಿಶೀಲಿಸಿತು. ಒಂದೇ ಪಕ್ಷದ ಸರ್ಕಾರ ಇರುವ ಕಡೆ ಹೆಚ್ಚು ಈಡೇರುತ್ತವೆ, ಸಮ್ಮಿಶ್ರ ಸರ್ಕಾರಗಳಲ್ಲಿ ಕಡಿಮೆ ಎಂಬುದು ಅದರ ಮುಖ್ಯ ಫಲಿತಾಂಶ. ಅದಕ್ಕೂ ಮೊದಲು, 2009ರಲ್ಲಿ, ಉತ್ತರ ಅಮೆರಿಕ ಮತ್ತು ಯುರೋಪಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪೆಟ್ರಿ ಮತ್ತು ಕೊಲೆಟ್ ಎಂಬುವರಿಗೆ ಸಿಕ್ಕ ಸರಾಸರಿ ಶೇ. 67. ಮೂರರಲ್ಲಿ ಎರಡು! ಇವು ನಮ್ಮ ದೇಶದ ಲೆಕ್ಕಗಳಲ್ಲ, ಮತ್ತು ಸಣ್ಣ ಭರವಸೆ ಈಡೇರಿಸುವುದು ದೊಡ್ಡದಕ್ಕಿಂತ ಸುಲಭ ಎಂಬುದನ್ನೂ ಮರೆಯಬಾರದು. ಆದರೂ “ಯಾರೂ ಏನೂ ಮಾಡಲ್ಲ” ಎಂಬ ಮಾತಿನಿಂದ ಇದು ಬಹಳ ದೂರ.

ನಮ್ಮಲ್ಲೇ ನೋಡಿ. 2023ರ ಮೇ 20ರಂದು ಸಿದ್ದರಾಮಯ್ಯ ಎರಡನೇ ಸಲ ಮುಖ್ಯಮಂತ್ರಿಯಾದಾಗ ಐದು ಗ್ಯಾರಂಟಿಗಳ ಬಗ್ಗೆ ಎಷ್ಟು ಮೀಮ್‌ಗಳು ಬಂದವು ನೆನಪಿದೆಯೇ? ಜೂನ್ 11ಕ್ಕೆ ಮಹಿಳೆಯರ ಉಚಿತ ಬಸ್ ಪ್ರಯಾಣ ಶುರುವಾಯಿತು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಕೊಡುವ ಹೊತ್ತಿಗೆ, ಅಂದರೆ ಎಂಟು ತಿಂಗಳೊಳಗೆ, ಐದೂ ಆರಂಭವಾಗಿದ್ದವು. “ಒಂದೂ ಮಾಡಲ್ಲ” ಅಂದವರ ಲೆಕ್ಕ ತಪ್ಪಿತು. “ಹೇಳಿದ್ದು ಹೇಳಿದ ಹಾಗೇ ಸಿಗುತ್ತೆ” ಅಂದವರದೂ ತಪ್ಪಿತು: ಹೆಚ್ಚುವರಿ ಅಕ್ಕಿ ಹೊಂದಿಸಲಾಗದೆ ಮೊದಲು ಕೆ.ಜಿ.ಗೆ 34 ರೂಪಾಯಿಯಂತೆ ಹಣ ಕೊಟ್ಟರು, ಯುವನಿಧಿ ಆರಂಭದಲ್ಲಿ ಒಂದು ವರ್ಷ ಪಾಸಾದವರಿಗಷ್ಟೇ ಸಿಕ್ಕಿತು, ಗೃಹಲಕ್ಷ್ಮಿಯ 2000 ರೂಪಾಯಿ ಕೆಲವು ತಿಂಗಳು ಬಾಕಿ ಉಳಿಯಿತು. ಈ ಯೋಜನೆಗಳು ಖಜಾನೆಗೆ ಒಳ್ಳೆಯದೇ ಅಲ್ಲವೇ ಎಂಬುದು ಬೇರೆ ಚರ್ಚೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಬಾಕಿ ಹಣಕ್ಕಾಗಿ ಗಲಾಟೆ ಮಾಡಿದವರು ಯಾರು ಎಂಬುದನ್ನು ಮಾತ್ರ ಗಮನಿಸಿ. ಬರುತ್ತದೆ ಎಂದು ನಿರೀಕ್ಷೆ ಇಟ್ಟುಕೊಂಡಿದ್ದವರು. ಬರುವುದೇ ಇಲ್ಲ ಎಂದುಕೊಂಡವರು ಕೇಳುವುದಾದರೂ ಏಕೆ?

ಇನ್ನು ಆ ರಾಗಿಯ ವಿಷಯ. ನಿಮ್ಮ ಮನೆಯಲ್ಲಿ ಈಗ ರಾಗಿ ಬೀಸುವವರು ಯಾರು? ಬೀಸುವ ಕಲ್ಲು ಹಿತ್ತಲಲ್ಲೋ ಅಟ್ಟದಲ್ಲೋ ಇರಬಹುದು. ಹಿಟ್ಟು ಬರುವುದು ಗಿರಣಿಯಿಂದ, ಗಿರಣಿ ಓಡುವುದು ಕರೆಂಟಿನಿಂದ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ದೀಪಗಳಿಗೆ. ಹಳ್ಳಿಗಳಿಗೆ ಕಂಬ, ತಂತಿ ಬರಲು ದಶಕಗಳೇ ಬೇಕಾದವು. ಯಾವ ಒಬ್ಬ ನಾಯಕನೂ ಮಾಡಿದ್ದಲ್ಲ ಅದು. ಆದರೂ ಬೀಸುವುದು ತಪ್ಪಿತು! ಗಾದೆ ಮಾತ್ರ ಉಳಿದಿದೆ. ಈಡೇರಿದ ಭರವಸೆಗಳ ಪಾಡೇ ಇದು: ಮುರಿದ ಮಾತು ಸುದ್ದಿಯಾಗುತ್ತದೆ, ಉಳಿಸಿಕೊಂಡ ಮಾತು ಸ್ವಿಚ್ಚಿನಂತೆ ಗೋಡೆಯಲ್ಲಿ ಸೇರಿಕೊಳ್ಳುತ್ತದೆ.

ನಂಬಿಕೆಯೇ ಫಲಿತಾಂಶ ಬದಲಿಸಿದ ಎಂಟು ದಿನ

ಇಷ್ಟು ಹೊತ್ತು ನಂಬಿಕೆಯನ್ನು ಹವಾಮಾನ ವರದಿಯ ಹಾಗೆ ನೋಡಿದೆವು. ನಾವು ಮಳೆ ಬರುತ್ತದೆ ಅಂದುಕೊಂಡರೂ ಇಲ್ಲ ಅಂದುಕೊಂಡರೂ ಮಳೆಗೆ ವ್ಯತ್ಯಾಸವಿಲ್ಲ. ರಾಜಕೀಯ ಹಾಗಲ್ಲ. ಇಲ್ಲಿ ಜನ ಏನು ನಿರೀಕ್ಷಿಸುತ್ತಾರೆ ಎಂಬುದೇ ಏನಾಗುತ್ತದೆ ಎಂಬುದರ ಒಂದು ಭಾಗ. ಇದಕ್ಕೆ ನನಗೆ ತಿಳಿದ ಅತ್ಯಂತ ಸ್ಪಷ್ಟ ಉದಾಹರಣೆ 1933ರ ಅಮೆರಿಕದ್ದು.

ಆರ್ಥಿಕ ಮಹಾಕುಸಿತದ ಕಾಲ. ಸಾವಿರಾರು ಬ್ಯಾಂಕುಗಳು ಮುಳುಗಿದ್ದವು. ಬ್ಯಾಂಕ್ ಮುಳುಗುತ್ತದೆ ಎಂಬ ಭಯಕ್ಕೆ ಜನ ಹಣ ಬಿಡಿಸಿಕೊಳ್ಳಲು ಸಾಲುಗಟ್ಟುತ್ತಿದ್ದರು; ಎಲ್ಲರೂ ಒಟ್ಟಿಗೆ ಬಿಡಿಸಿಕೊಂಡಿದ್ದಕ್ಕೆ ಚೆನ್ನಾಗಿದ್ದ ಬ್ಯಾಂಕೂ ಮುಳುಗುತ್ತಿತ್ತು. ಆಮೇಲೆ ಪ್ರತಿಯೊಬ್ಬರೂ “ನಾನು ಮೊದಲೇ ಹೇಳಿದ್ದೆ” ಅನ್ನಬಹುದಿತ್ತು. ಅಪನಂಬಿಕೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಈ ಬಗೆಯನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ವಿವರಿಸಿದಾಗ ಅವರು ಆಯ್ದುಕೊಂಡ ಉದಾಹರಣೆಯೂ ಬ್ಯಾಂಕೇ.

1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾದರು. ಅಷ್ಟರಲ್ಲಿ ಬಹುಪಾಲು ರಾಜ್ಯಗಳಲ್ಲಿ ಬ್ಯಾಂಕುಗಳು ಮುಚ್ಚಿದ್ದವು ಅಥವಾ ಹಣ ಕೊಡಲು ಮಿತಿ ಹಾಕಿದ್ದವು. ಮಾರ್ಚ್ 6ರಂದು ಅವರು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. ಮಾರ್ಚ್ 9ರಂದು ತುರ್ತು ಬ್ಯಾಂಕಿಂಗ್ ಕಾನೂನು ಒಂದೇ ದಿನದಲ್ಲಿ ಪಾಸಾಯಿತು. ಮಾರ್ಚ್ 12, ಭಾನುವಾರ ರಾತ್ರಿ, ರೂಸ್‌ವೆಲ್ಟ್ ರೇಡಿಯೋದಲ್ಲಿ ಮಾತಾಡಿದರು.

ಸಂವಹನ ಓದಿದ ನನಗೆ ಆ ಕಾಲು ಗಂಟೆಗೂ ಕಡಿಮೆಯ ಭಾಷಣದ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ. ಅದರಲ್ಲಿ ಅಬ್ಬರವಿಲ್ಲ. ನೀವು ಇಟ್ಟ ಹಣವನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಹಾಗೇ ಇಟ್ಟುಕೊಂಡಿರುವುದಿಲ್ಲ, ಸಾಲ ಕೊಟ್ಟು ದುಡಿಸುತ್ತದೆ. ಹಾಗಾಗಿ ಎಲ್ಲರೂ ಒಂದೇ ದಿನ ಬಂದರೆ ಗಟ್ಟಿ ಬ್ಯಾಂಕಿನಲ್ಲೂ ಅಷ್ಟು ನಗದು ಇರುವುದಿಲ್ಲ ಎಂದು ಮೇಷ್ಟ್ರ ಹಾಗೆ ವಿವರಿಸಿದರು. ತಪಾಸಣೆಯಲ್ಲಿ ಪಾಸಾದವು ಮಾತ್ರ ತೆರೆಯುತ್ತವೆ, ಯಾವ ದಿನ ಯಾವ ಊರುಗಳಲ್ಲಿ ಎಂದು ಹೇಳಿದರು. ಎಲ್ಲ ಬ್ಯಾಂಕೂ ತೆರೆಯುತ್ತದೆ, ಯಾರಿಗೂ ನಷ್ಟವಾಗುವುದಿಲ್ಲ ಎಂಬ ಮಾತು ಕೊಡಲಾರೆ ಎಂದೂ ಹೇಳಿದರು. ಹೊಸದಾಗಿ ಅಧಿಕಾರಕ್ಕೆ ಬಂದವರ ಬಾಯಲ್ಲಿ ಈ ಕೊನೆಯ ಮಾತು ಅಪರೂಪ.

ಸೋಮವಾರ ಬೆಳಗ್ಗೆ ಬ್ಯಾಂಕುಗಳು ತೆರೆಯತೊಡಗಿದಾಗ ಮತ್ತೆ ಸಾಲು ಇತ್ತು. ಈ ಸಲ ಜನ ಹಣ ಕಟ್ಟಲು ನಿಂತಿದ್ದರು. ಎರಡು ವಾರದೊಳಗೆ, ಭಯದಿಂದ ಮನೆಯಲ್ಲಿಟ್ಟುಕೊಂಡಿದ್ದ ನಗದಿನ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿಗೆ ವಾಪಸಾಯಿತು. ಮಾರ್ಚ್ 15ರಂದು ಷೇರುಪೇಟೆ ತೆರೆದಾಗ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ. 15ಕ್ಕೂ ಹೆಚ್ಚು ಏರಿತು. ಆ ದಾಖಲೆ ಇನ್ನೂ ಮುರಿದಿಲ್ಲ.

ಇದನ್ನು “ಭಾಷಣದ ಮ್ಯಾಜಿಕ್” ಎಂದು ಓದುವುದು ತಪ್ಪು. ಆರ್ಥಿಕ ಇತಿಹಾಸಕಾರ ವಿಲಿಯಂ ಸಿಲ್ಬರ್ ತೋರಿಸಿದಂತೆ, ತೆರೆದ ಬ್ಯಾಂಕುಗಳಿಗೆ ಬೇಕಾದಷ್ಟು ನಗದು ಒದಗಿಸಲು ಕಾನೂನು ಮತ್ತು ಕೇಂದ್ರ ಬ್ಯಾಂಕು ಹಿಂದೆ ನಿಂತಿದ್ದವು. ಅಂದರೆ ಠೇವಣಿಗೆ ವಿಮೆ ಇದ್ದಂತೆಯೇ ಆಯಿತು. ಆದರೆ ಆ ವ್ಯವಸ್ಥೆಯೂ, ಜನ “ಇವನೂ ಅವರ ಹಾಗೇ” ಎಂದು ಹಾಸಿಗೆ ಕೆಳಗಿನ ಹಣ ಹೊರಗೆ ತೆಗೆಯದೇ ಇದ್ದಿದ್ದರೆ, ಕೆಲಸಕ್ಕೆ ಬರುತ್ತಿರಲಿಲ್ಲ. ಎರಡೂ ಬೇಕಿತ್ತು.

ಹಾಗಂತ ರೂಸ್‌ವೆಲ್ಟ್‌ಗೆ ಜನ ಖಾಲಿ ಚೆಕ್ ಕೊಟ್ಟರೇ? ಕೆಲವೊಮ್ಮೆ ಕೊಟ್ಟರು, ಕೆಲವೊಮ್ಮೆ ಇಲ್ಲ. 1937ರಲ್ಲಿ ಸುಪ್ರೀಂ ಕೋರ್ಟಿಗೆ ತಮಗೆ ಬೇಕಾದ ನ್ಯಾಯಾಧೀಶರನ್ನು ತುಂಬಲು ಅವರು ಹೊರಟಾಗ ಅವರದೇ ಪಕ್ಷದವರು ತಡೆದರು. 1942ರಲ್ಲಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ಕಳಿಸಿದಾಗ ತಡೆದವರು ಬಹಳ ಕಡಿಮೆ. ನಂಬಿಕೆ ಎಚ್ಚರ ತಪ್ಪಿದರೆ ಯಾರ ಮೈಮೇಲೆ ಬೀಳುತ್ತದೆ ಎಂಬುದಕ್ಕೂ ಅದೇ ಮನುಷ್ಯನ ಆಡಳಿತವೇ ಸಾಕ್ಷಿ.

ನಮ್ಮ ಕೌಂಟರಿನ ಮುಂದೆ

ಸಿನಿಕತನ ನಮ್ಮ ಕಡೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಲು ವಿಧಾನಸೌಧಕ್ಕೆ ಹೋಗಬೇಕಿಲ್ಲ. ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿ ತಿಂಗಳುಗಳಷ್ಟೇ ಆಗಿದ್ದಾಗ, 2012ರ ಏಪ್ರಿಲ್ 2ರಂದು, ಸಕಾಲ ಜಾರಿಗೆ ಬಂತು. ಅರ್ಜಿ ಕೊಟ್ಟರೆ 15 ಅಂಕಿಗಳ ಒಂದು ಸಂಖ್ಯೆ ಕೊಡಬೇಕು, ನಿಗದಿತ ದಿನದೊಳಗೆ ಕೆಲಸ ಮಾಡಿಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆಮೇಲೆ ಸರ್ಕಾರಗಳು ಬದಲಾದವು, ಕಾನೂನು ಉಳಿಯಿತು. ಆದರೆ ರಸೀದಿ ಕೇಳಿ ಪಡೆಯುವವರು ಇದ್ದರೆ ಮಾತ್ರ ಅದಕ್ಕೆ ಜೀವ. “ಅದೆಲ್ಲ ಆಗಲ್ಲ, ಕೊಟ್ಟು ಮುಗಿಸೋಣ” ಎಂದು ಪ್ರತಿಯೊಬ್ಬರೂ ಬ್ರೋಕರ್ ಕೈಗೆ ದುಡ್ಡು ಇಟ್ಟರೆ, 1933ರ ಫೆಬ್ರವರಿಯ ಬ್ಯಾಂಕಿನ ಸಾಲು ನಮ್ಮೂರಲ್ಲೂ ನಿಂತಂತೆ.

ಎಂ.ಎ.ಗೆ ಸೇರುವಾಗ ನನಗೊಂದು ಆದಾಯ ಪ್ರಮಾಣಪತ್ರ ಬೇಕಿತ್ತು. ಹೊಸ ಸರ್ಕಾರ ಬಂದು ಸ್ವಲ್ಪ ದಿನವಾಗಿತ್ತು. ಅಪ್ಪ ಬೆಳಗ್ಗೆಯೇ 500ರ ನೋಟೊಂದನ್ನು ಮಡಚಿ ನನ್ನ ಕೈಗಿಟ್ಟು, “ಕೇಳಿದ್ರೆ ಕೊಟ್ಟುಬಿಡು, ವಾದ ಮಾಡ್ಬೇಡ” ಅಂದರು. ಕೌಂಟರಿನಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳುವ ಮೊದಲೇ ಕೊಡಲು ನನ್ನ ಕೈ ಜೇಬಿನಲ್ಲಿತ್ತು, ನಿಜ. ತೆಗೆಯಲಿಲ್ಲ, “ಸಕಾಲ ನಂಬರ್ ಕೊಡಿ” ಅಂದೆ. ಕೊಟ್ಟರು. ಪ್ರಮಾಣಪತ್ರ ಎರಡು ದಿನ ತಡವಾಗಿ ಬಂತು.

ನಿಯಮದ ಪ್ರಕಾರ ನನಗೆ 40 ರೂಪಾಯಿ ಸಿಗಬೇಕಿತ್ತು. ಅದನ್ನು ಕೇಳಲು ನಾನು ಹೋಗಲಿಲ್ಲ. 500ರ ನೋಟು ವಾಪಸು ಕೊಟ್ಟಾಗ ಅಪ್ಪ ಮೊದಲು ವಿಚಾರಿಸಿದ್ದು ಅದನ್ನೇ.